ಮಲೆನಾಡಿಗೆ ಹೊರೆಯಾಗದಂತೆ ಬರುವುದು ಹೇಗೆ: ಟಿಕೆಟ್‌ನಿಂದ ಹೋಂಸ್ಟೇವರೆಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಹತ್ತಿರ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಲ್ಲಿಂದೀಚೆಗೆ ಜೋಗ, ಆಗುಂಬೆ, ಕೊಡಚಾದ್ರಿ ನೋಡಲು ಹೊರಟವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಫ್ಲೈಟಾ, ರೈಲಾ, ಕಾರಾ? ಸಮಯ ಮತ್ತು ದುಡ್ಡಿನ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ನಮ್ಮ ಬೆಟ್ಟ, ಹೊಳೆ, ಗಾಳಿಯ ಮೇಲೆ ಬೀಳುವ ಹೊರೆಯ ಲೆಕ್ಕವನ್ನೂ ಅದರ ಜೊತೆ ಹಾಕಬೇಕು ಅನ್ನೋದು ನನ್ನ ಆಸೆ.

ಪರಿಸರಸ್ನೇಹಿ ಪ್ರವಾಸ ಅಂದ ಕೂಡಲೇ ಬಟ್ಟೆ ಚೀಲ, ಸ್ಟೀಲ್ ಬಾಟಲಿ ನೆನಪಾಗುತ್ತವೆ. ಅವು ಬೇಕು. ಆದರೆ ಪ್ರವಾಸದ ಹೊರೆಯಲ್ಲಿ ದೊಡ್ಡ ಪಾಲು ಟಿಕೆಟ್ ಬುಕ್ ಮಾಡುವ ಹೊತ್ತಿಗೇ ತೀರ್ಮಾನ ಆಗಿರುತ್ತದೆ. ಹೇಗೆ ಬರುತ್ತೀರಿ, ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿಯುತ್ತೀರಿ ಎಂಬ ಮೂರು ವಿಷಯವೇ ಮುಖ್ಯ. ಹಾಗಾಗಿ ಇಲ್ಲಿ ಭಾರದ ಕೆಲಸ ಮೊದಲು, ಹಗುರದ ಕೆಲಸ ಆಮೇಲೆ.

ಹೆಜ್ಜೆ 1: ಟಿಕೆಟ್‌ಗೆ ಮುಂಚೆ ಹೊಗೆಯ ಲೆಕ್ಕ

ಇದಕ್ಕೆ ಆ್ಯಪ್ ಬೇಡ. ಮೂರು ಅಂಕಿ ಗೊತ್ತಿದ್ದರೆ ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಆದರೆ ಲೀಟರಿಗೆ ಸುಮಾರು 2.7 ಕೆಜಿ. ವಿಮಾನದ ಇಂಧನವನ್ನು ತೂಕದಲ್ಲಿ ಅಳೆಯುತ್ತಾರೆ, ಒಂದು ಕೆಜಿ ಉರಿದರೆ 3.16 ಕೆಜಿ. ಉರಿದ ಇಂಧನಕ್ಕಿಂತ ಹೊಗೆಯ ತೂಕ ಜಾಸ್ತಿ ಹೇಗೆ ಅಂದರೆ, ಇಂಧನದ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ.

ಈಗ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಡೋಣ. ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ 20 ಲೀಟರ್ ಬೇಕು. ಅಂದರೆ 46 ಕೆಜಿ. ಕಾರಲ್ಲಿ ನಾಲ್ಕು ಜನ ಇದ್ದರೆ ತಲೆಗೆ ಹನ್ನೊಂದೂವರೆ ಕೆಜಿ. ಒಬ್ಬರೇ ಬಂದರೆ ಪೂರ್ತಿ 46 ಕೆಜಿ ಒಬ್ಬರ ತಲೆಗೇ.

ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತದೆ ಅಂತಿಟ್ಟುಕೊಳ್ಳಿ. 67 ಲೀಟರ್, ಸುಮಾರು 180 ಕೆಜಿ. ನಲವತ್ತು ಜನ ಕೂತಿದ್ದರೆ ತಲೆಗೆ ನಾಲ್ಕೂವರೆ ಕೆಜಿ. ತುಂಬಿದ ರೈಲಿನಲ್ಲಿ ಬಸ್ಸಿನಷ್ಟೇ, ಇಲ್ಲವೇ ಅದಕ್ಕಿಂತ ಕಡಿಮೆ.

ವಿಮಾನಕ್ಕೆ ಬರೋಣ. ಈ ದಾರಿಗೆ ಬಂದದ್ದು ಎಟಿಆರ್ 72 ಎಂಬ ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲರ್ ಇರುವ ಸಣ್ಣ ವಿಮಾನ. ಎಪ್ಪತ್ತರಿಂದ ಎಪ್ಪತ್ತೆಂಟು ಸೀಟು. ಇಷ್ಟು ಹತ್ತಿರದ ಹಾರಾಟಕ್ಕೆ ಸುಮಾರು 500 ಕೆಜಿ ಇಂಧನ ಹಿಡಿದರೆ 1,580 ಕೆಜಿ ಹೊಗೆ. 55 ಜನ ಇದ್ದರೆ ತಲೆಗೆ 29 ಕೆಜಿ. ಇದು ನನ್ನ ಅಂದಾಜಿನ ಲೆಕ್ಕ. ಗಾಳಿ, ತೂಕ, ತುಂಬಿದ ಸೀಟು ನೋಡಿಕೊಂಡು ಆಚೀಚೆ ಆಗುತ್ತದೆ. ಆದರೂ ಒಂದು ವಿಷಯ ಗಮನಿಸಿ. ಕಾರಿನಲ್ಲಿ ಒಬ್ಬರೇ ಬರುವುದು ಈ ವಿಮಾನಕ್ಕಿಂತ ಭಾರ! ವಿಮಾನವನ್ನು ಮಾತ್ರ ಬೈದು ಕಾರಿನ ಬಗ್ಗೆ ಸುಮ್ಮನಿರುವವರು ಈ ಲೆಕ್ಕ ನೋಡಬೇಕು.

ಹಾಗಂತ ವಿಮಾನ ಗೆದ್ದಂತಲ್ಲ. ಬೆಂಗಳೂರಿನ ಮನೆಯಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ. ಸೋಗಾನೆಯಲ್ಲಿ ಇಳಿದು ಜೋಗಕ್ಕೆ ನೂರು ಕಿಲೋಮೀಟರಿಗೂ ಮೀರಿ ಇನ್ನೊಂದು ಟ್ಯಾಕ್ಸಿ. ಒಬ್ಬರೇ ಇದ್ದರೆ ಇವೆರಡೂ ಸೇರಿ ಇನ್ನೂ 20 ಕೆಜಿ. ಹಾರಾಟ ಒಂದು ಗಂಟೆಯದ್ದೇ ಆದರೂ ಎರಡು ತಾಸು ಮೊದಲೇ ಹೋಗಿ ಕೂರಬೇಕು. ಊರಿನ ಟ್ರಾಫಿಕ್ ಬೇರೆ. ಅಷ್ಟು ಹೊತ್ತಿಗೆ ಜನಶತಾಬ್ದಿ ಶಿವಮೊಗ್ಗದ ಹತ್ತಿರ ಬಂದಿರುತ್ತದೆ.

ಆದ್ದರಿಂದ ಬೆಂಗಳೂರಿನವರಿಗೆ ನನ್ನ ಸಲಹೆ ನೇರ. ಮೊದಲ ಆಯ್ಕೆ ರೈಲು. ಹಗಲು ಬರುವವರಿಗೆ ಜನಶತಾಬ್ದಿ ಇದೆ. ಜೋಗ, ಸಾಗರದ ಕಡೆ ಬರುವವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ಇನ್ನೂ ಒಳ್ಳೆಯದು. ಅದು ಬೆಂಗಳೂರಿನ ಮೇಲೆ ಬರುತ್ತದೆ. ಆನಂದಪುರ, ಸಾಗರ ಜಂಬಗಾರು ದಾಟಿ ಕೊನೆಯ ಸ್ಟೇಷನ್ ತಾಳಗುಪ್ಪಕ್ಕೆ ತಂದುಬಿಡುತ್ತದೆ. ಅಲ್ಲಿಂದ ಜೋಗ ಸುಮಾರು 15 ಕಿಲೋಮೀಟರ್ ಅಷ್ಟೇ. ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯಿತು, ಅಲ್ವಾ? ಎರಡನೆಯದು ಬಸ್ಸು. ಕೆಎಸ್‌ಆರ್‌ಟಿಸಿಯ ಇವಿ ಪವರ್ ಪ್ಲಸ್ ಎಲೆಕ್ಟ್ರಿಕ್ ಬಸ್ಸುಗಳು ಈ ದಾರಿಯಲ್ಲೂ ಓಡಿವೆ, ಸಿಕ್ಕರೆ ಅದನ್ನೇ ಹತ್ತಿ. ಮೂರನೆಯದು ನಾಲ್ಕು ಸೀಟೂ ತುಂಬಿದ ಕಾರು. ವಿಮಾನ ಆಮೇಲೆ. ಹೈದರಾಬಾದ್, ಚೆನ್ನೈ ಕಡೆಯಿಂದ ಬರುವವರಿಗೆ, ತುಂಬಾ ವಯಸ್ಸಾದವರಿಗೆ, ಹುಷಾರಿಲ್ಲದವರಿಗೆ ಅದೇ ಸರಿ ಆಗಬಹುದು. ಅಂಥವರು ಸಂಕೋಚ ಪಡಬೇಕಿಲ್ಲ.

ಹೆಜ್ಜೆ 2: ಊರು ಕಡಿಮೆ ಮಾಡಿ, ದಿನ ಜಾಸ್ತಿ ಮಾಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ.

ವಾರಾಂತ್ಯದ ಪ್ಲಾನ್ ಸಾಮಾನ್ಯವಾಗಿ ಹೀಗಿರುತ್ತದೆ. ಶನಿವಾರ ಬೆಳಗ್ಗೆ ಜೋಗ, ಮಧ್ಯಾಹ್ನ ಸಿಗಂದೂರು, ರಾತ್ರಿ ಕೊಲ್ಲೂರು. ಭಾನುವಾರ ಬೆಳಗ್ಗೆ ಕೊಡಚಾದ್ರಿ, ಸಂಜೆ ಆಗುಂಬೆಯ ಸೂರ್ಯಾಸ್ತ, ರಾತ್ರಿಯೇ ವಾಪಸ್. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಆ ಭಾಗದ ಜನ ದಶಕಗಳಿಂದ ಕೇಳುತ್ತಿದ್ದ ಸೇತುವೆ ಅದು. ಮೊದಲು ಲಾಂಚಿಗೆ ಕಾಯಬೇಕಿತ್ತು, ಪ್ರವಾಸಿಗರ ಓಟಕ್ಕೆ ಅಲ್ಲೊಂದು ತಡೆ ಇತ್ತು. ಈಗ ಅದೂ ಇಲ್ಲ. ಹೀಗೆ ಓಡಿದರೆ ಬೆಂಗಳೂರಿನಿಂದ ಬಂದಷ್ಟೇ ದೂರವನ್ನು ಮಲೆನಾಡಿನೊಳಗೇ ಇನ್ನೊಮ್ಮೆ ಸುತ್ತಿದ ಹಾಗಾಗುತ್ತದೆ. ನೋಡಿದ್ದು ಪಾರ್ಕಿಂಗ್ ಜಾಗ. ಊರಿಗೆ ಉಳಿದದ್ದು ಪಾರ್ಕಿಂಗ್ ದುಡ್ಡು ಮತ್ತು ಕಸ.

ಬದಲಿಗೆ ಒಂದು ಊರು ಹಿಡಿಯಿರಿ. ಮೂರು ನಾಲ್ಕು ದಿನ ಅಲ್ಲೇ ಇರಿ.

ಸಾಗರ ಹಿಡಿದರೆ ಇಕ್ಕೇರಿಯ ಅಘೋರೇಶ್ವರ, ಕೆಳದಿ, ವರದಹಳ್ಳಿ ಎಲ್ಲ ಹತ್ತು ಕಿಲೋಮೀಟರಿನ ಆಸುಪಾಸು. ಹೆಗ್ಗೋಡು ಅಷ್ಟೇ ದೂರ. 1949ರಲ್ಲಿ ಶುರುವಾದ ನೀನಾಸಂ ಅಲ್ಲಿದೆ. ನಾಟಕ ಇರುವ ದಿನ ನೋಡಿಕೊಂಡು ಬಂದರೆ ನಿಮ್ಮ ಸಂಜೆ ತುಂಬುತ್ತದೆ. ಜೋಗಕ್ಕೆ 30 ಕಿಲೋಮೀಟರ್, ಬಸ್ಸು ಬೇಕಾದಷ್ಟಿದೆ. ಸೈಕಲ್ ಹೊಡೆಯುವವರಿಗೆ ಇಕ್ಕೇರಿ, ಕೆಳದಿ ರಸ್ತೆಗಳು ಹೇಳಿ ಮಾಡಿಸಿದ ಹಾಗಿವೆ.

ತೀರ್ಥಹಳ್ಳಿ ಹಿಡಿದರೆ ಕುಪ್ಪಳಿ, ಕವಿಶೈಲ, ಕವಲೇದುರ್ಗ, ಕುಂದಾದ್ರಿ, ಚಿಬ್ಬಲಗುಡ್ಡೆ. ಆಗುಂಬೆಗೆ 30 ಕಿಲೋಮೀಟರ್. ಕುಪ್ಪಳಿಗೆ ಅರ್ಧ ದಿನ ಅಂತ ಬರೆದಿಟ್ಟುಕೊಂಡು ಬರುವವರಿಗೆ ನನ್ನ ವಿನಂತಿ, ಒಂದಿಡೀ ದಿನ ಕೊಡಿ. ಕವಿಮನೆ ನೋಡಿ, ಕವಿಶೈಲ ಹತ್ತಿ, ಸುಮ್ನೆ ಕೂತಿರಿ. ಅಲ್ಲಿ ಮಾಡಬೇಕಾದ ಕೆಲಸ ಅಷ್ಟೇ.

ಶಿವಮೊಗ್ಗದಲ್ಲೇ ಉಳಿದರೆ ಸಕ್ರೆಬೈಲು ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ–ಸಿಂಹ ಸಫಾರಿ, ತುಂಗೆ–ಭದ್ರೆ ಸೇರುವ ಕೂಡ್ಲಿ ಎಲ್ಲ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿವೆ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಸ್ವಲ್ಪ ದೂರ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಲ್ಲಿ ನಿಂತೇ ನೋಡಬಹುದು.

ಊರೊಳಗಿನ ಓಡಾಟಕ್ಕೆ ಬಸ್ಸು ಹತ್ತಿ ಅಂತ ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಮಲೆನಾಡಿನ ಹಳ್ಳಿಗಳಿಗೆ ಬಸ್ಸೇ ಉಸಿರು. ಶಾಲೆ ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿಯರು, ಪೇಟೆಗೆ ಹೂವು ತರಕಾರಿ ತರುವವರು ಎಲ್ಲರೂ ಅದನ್ನೇ ನಂಬಿದ್ದಾರೆ. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ ಎಷ್ಟೋ ವರ್ಷ ಓಡಿ ಕೊನೆಗೆ ನಷ್ಟದಲ್ಲಿ ನಿಂತೇ ಹೋಯಿತು. ಸೀಟು ತುಂಬದ ಬಸ್ಸು ಉಳಿಯುವುದಿಲ್ಲ. ನೀವು ಕೊಡುವ ಮೂವತ್ತು ನಲವತ್ತು ರೂಪಾಯಿ ಟಿಕೆಟ್ ಆ ಬಸ್ಸು ನಾಳೆಯೂ ಬರಲು ಸಹಾಯ ಮಾಡುತ್ತದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಇದೆ.

ಹೆಜ್ಜೆ 3: ವಿಮಾನ ಹತ್ತಲೇಬೇಕು ಅಂದರೆ

ದೂರದ ಊರಿನವರಿಗೆ, ಹೊರದೇಶದಲ್ಲಿರುವ ನಮ್ಮವರಿಗೆ ಬೇರೆ ದಾರಿಯಿಲ್ಲ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ವಿಮಾನಯಾನದ ಪಾಲು ಶೇಕಡ 2.5ರ ಹತ್ತಿರ. ಕಡಿಮೆ ಅನ್ನಿಸುತ್ತದೆ. ಆದರೆ ಜಗತ್ತಿನ ಹೆಚ್ಚಿನ ಜನ ವರ್ಷಕ್ಕೆ ಒಮ್ಮೆಯೂ ವಿಮಾನ ಹತ್ತುವುದಿಲ್ಲ. ಹತ್ತುವವರ ಪಾಲಿಗೆ ಅದು ದೊಡ್ಡದೇ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಕಾನಮಿಯಲ್ಲಿ ಹೋಗಿ ಬಂದರೆ ತಲೆಗೆ ಎರಡು ಟನ್ನಿನ ಹತ್ತಿರ. ಒಬ್ಬ ಭಾರತೀಯನ ಪಾಲಿಗೆ ಇಡೀ ವರ್ಷಕ್ಕೆ ಬರುವ ಸರಾಸರಿ ಎರಡು ಟನ್ನಿನ ಆಸುಪಾಸು. ಎತ್ತರದಲ್ಲಿ ಜೆಟ್ ವಿಮಾನ ಬಿಡುವ ಬಿಳಿ ಗೆರೆಗಳೂ ಭೂಮಿಯ ಬಿಸಿ ಹಿಡಿದಿಡುತ್ತವೆ. ಅದು ಈ ಲೆಕ್ಕದಲ್ಲಿ ಸೇರಿಲ್ಲ.

ಟಿಕೆಟ್ ಬುಕ್ ಮಾಡುವಾಗ ಹೀಗೆ ಮಾಡಿ. ಸಾಧ್ಯವಾದಷ್ಟು ನೇರ ವಿಮಾನ ಹುಡುಕಿ. ಮೇಲೇರುವಾಗ ಇಂಧನ ತುಂಬಾ ಹೋಗುತ್ತದೆ, ಎರಡು ಸಲ ಏರಿದರೆ ಎರಡು ಸಲ ಖರ್ಚು. ಎಕಾನಮಿಯಲ್ಲೇ ಕೂರಿ. ಬಿಸಿನೆಸ್ ಕ್ಲಾಸಿನ ಒಂದು ಸೀಟು ಎರಡು ಮೂರು ಜನರ ಜಾಗ ತಿನ್ನುತ್ತದೆ, ಹೊರೆಯೂ ಅಷ್ಟೇ ಪಟ್ಟು ಜಾಸ್ತಿ. ಹೊಸ ಮಾದರಿಯ ವಿಮಾನ ಯಾವುದು ಅಂತ ಬುಕಿಂಗ್ ಪುಟದಲ್ಲೇ ಗೊತ್ತಾಗುತ್ತದೆ. ಎ320 ನಿಯೋ, 787 ಥರದವು ಹಳೆಯ ವಿಮಾನಗಳಿಗಿಂತ ಕಡಿಮೆ ಕುಡಿಯುತ್ತವೆ. ಬೆಂಗಳೂರಲ್ಲಿ ಇಳಿದ ಮೇಲೆ ಶಿವಮೊಗ್ಗಕ್ಕೆ ರೈಲು ಹಿಡಿಯಿರಿ. ಇದೆಲ್ಲಕ್ಕಿಂತ ದೊಡ್ಡದು, ವರ್ಷಕ್ಕೆ ಎರಡು ಸಲ ವಾರದ ಮಟ್ಟಿಗೆ ಬರುವ ಬದಲು ಒಂದೇ ಸಲ ತಿಂಗಳು ಬನ್ನಿ. ಮನೆಯಲ್ಲಿರುವ ಅಪ್ಪ ಅಮ್ಮನಿಗೂ ಅದೇ ಇಷ್ಟ.

ವಿಮಾನ ಕಂಪನಿಗಳ ಹಸಿರು ಮಾತುಗಳನ್ನು ಹೇಗೆ ಓದಬೇಕು ಅನ್ನೋದೂ ಗೊತ್ತಿರಬೇಕು. ಸುಸ್ಥಿರ ವಿಮಾನ ಇಂಧನ, ಅಂದರೆ ಎಸ್‌ಎಎಫ್ ಅನ್ನುವುದನ್ನು ಕರಿದ ಎಣ್ಣೆ, ಬೆಳೆಯ ತ್ಯಾಜ್ಯ, ಎಥನಾಲ್‌ನಿಂದ ಮಾಡುತ್ತಾರೆ. ಈಗಿರುವ ಎಂಜಿನ್‌ಗೇ ಹಾಕಬಹುದು. ಸದ್ಯಕ್ಕೆ ಮಾಮೂಲಿ ಇಂಧನದ ಜೊತೆ ಅರ್ಧದವರೆಗೆ ಬೆರೆಸಲು ಒಪ್ಪಿಗೆ ಇದೆ. ನಮ್ಮ ದೇಶದಲ್ಲಿ 2018ರ ಆಗಸ್ಟ್‌ನಲ್ಲೇ ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ ಬೀಜದ ಎಣ್ಣೆ ಬೆರೆಸಿದ ಇಂಧನದಲ್ಲಿ ವಿಮಾನ ಹಾರಿಸಿ ನೋಡಿದ್ದಾರೆ. ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಶೇಕಡ 1, 2028ರಲ್ಲಿ ಶೇಕಡ 2 ಬೆರೆಸುವ ಗುರಿ ಭಾರತಕ್ಕಿದೆ. ಕೆಲಸ ಒಳ್ಳೆಯದೇ. ಆದರೆ 2024ರಲ್ಲಿ ಜಗತ್ತಿನ ವಿಮಾನ ಇಂಧನದಲ್ಲಿ ಇದರ ಪಾಲು ಶೇಕಡ 0.3ರಷ್ಟೇ ಇತ್ತು. ಹಾಗಾಗಿ ಜಾಹೀರಾತಿನಲ್ಲಿ ಹಸಿರು ಎಲೆ ಕಂಡ ಕೂಡಲೇ ಹಾರಾಟ ಹಗುರ ಆಯಿತು ಅಂತ ತಿಳಿಯಬೇಡಿ. ವಿಮಾನ ಸಂಸ್ಥೆಗಳ ಜಾಗತಿಕ ಒಕ್ಕೂಟ 2050ಕ್ಕೆ ನಿವ್ವಳ ಶೂನ್ಯ ಅಂತ 2021ರಲ್ಲಿ ಘೋಷಿಸಿದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ದಾರಿ ಕಡಿಮೆ ಹಾರುವುದು.

ಟಿಕೆಟ್ ಜೊತೆಗೆ ನೂರಿನ್ನೂರು ರೂಪಾಯಿಗೆ 'ನಿಮ್ಮ ಹೆಸರಲ್ಲಿ ಗಿಡ ನೆಡುತ್ತೇವೆ' ಅನ್ನುವ ಆಯ್ಕೆಯೂ ಬರುತ್ತದೆ. ಇದರ ಬಗ್ಗೆ ಶಿವಮೊಗ್ಗ ಜಿಲ್ಲೆಯವರಿಗೆ ಹೇಳಲು ತುಂಬಾ ಇದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ 1980ರ ದಶಕದಿಂದ ಇಲ್ಲಿನ ಸಾವಿರಾರು ಹೆಕ್ಟೇರ್ ಕಾಡುಭೂಮಿಯಲ್ಲಿ ಅಕೇಶಿಯ, ನೀಲಗಿರಿ ನೆಟ್ಟರು. ದೂರದಿಂದ ನೋಡಿದರೆ ಹಸಿರೇ. ಒಳಗೆ ಹೋದರೆ ಹುಲ್ಲಿಲ್ಲ, ಹಣ್ಣಿಲ್ಲ, ಹಕ್ಕಿಯ ಸದ್ದೂ ವಿರಳ. 'ನಮ್ಮೂರಿಗೆ ಅಕೇಶಿಯ ಮರ ಬೇಡ' ಅಂತ ಜನ ಹೋರಾಟವನ್ನೇ ಮಾಡಬೇಕಾಯಿತು. ಆದ್ದರಿಂದ ದುಡ್ಡು ಕೊಡುವ ಮುಂಚೆ ಕೇಳಿ. ಯಾವ ಜಾತಿಯ ಗಿಡ? ಯಾವ ಊರಲ್ಲಿ? ಆ ಜಾಗ ಮೊದಲು ಏನಾಗಿತ್ತು, ದನ ಮೇಯುವ ಬ್ಯಾಣವೋ ಗೋಮಾಳವೋ? ಐದು ವರ್ಷ ನೀರು, ಬೇಲಿ ನೋಡುವವರು ಯಾರು? ಉತ್ತರ ಇಲ್ಲದಿದ್ದರೆ ಆ ದುಡ್ಡು ಇಟ್ಟುಕೊಳ್ಳಿ. ಉತ್ತರ ಸಿಕ್ಕರೂ ಗಿಡ ದೊಡ್ಡದಾಗಲು ಹತ್ತಾರು ವರ್ಷ ಬೇಕು, ಹೊಗೆ ಇವತ್ತೇ ಹೋಗಿರುತ್ತದೆ ಅನ್ನೋದು ನೆನಪಿರಲಿ.

ಹೆಜ್ಜೆ 4: ಕಾಲ ನೋಡಿ ಬನ್ನಿ

ಜೋಗದಲ್ಲಿ ನೀರು ಬೇಕು ಅಂದರೆ ಜುಲೈಯಿಂದ ಸೆಪ್ಟೆಂಬರ್. ಮೇಲೆ ಲಿಂಗನಮಕ್ಕಿ ಅಣೆಕಟ್ಟು 1964ರಿಂದ ನೀರು ಹಿಡಿದಿಡುತ್ತಿದೆ, ಬೇಸಿಗೆಯಲ್ಲಿ 253 ಮೀಟರ್ ಎತ್ತರದ ಬಂಡೆ ಮಾತ್ರ ಕಾಣುತ್ತದೆ. ಆದರೆ ಮಳೆಗಾಲದ ಶನಿವಾರ ಭಾನುವಾರ ಬರಬೇಡಿ. ಮಂಗಳವಾರ ಬುಧವಾರ ಬನ್ನಿ. ಅದೇ ಜಲಪಾತ, ಕಾಲು ಭಾಗ ಜನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಘಾಟಿಯಲ್ಲಿ ಗುಡ್ಡ ಕುಸಿಯುವುದು, ಜಿಲ್ಲಾಡಳಿತ ರಸ್ತೆ ಮುಚ್ಚುವುದು ಮಾಮೂಲು. ಮುಚ್ಚಿದ್ದಾರೆ ಅಂದರೆ ಒಳದಾರಿ ಹುಡುಕಬೇಡಿ.

ಮಾರ್ಚ್‌ನಿಂದ ಮೇವರೆಗೆ ಮಲೆನಾಡಿನಲ್ಲೂ ನೀರಿಗೆ ತತ್ವಾರ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಲ್ಲವಾ ಅಂತ ಹೊರಗಿನವರಿಗೆ ಆಶ್ಚರ್ಯ. ಬಾವಿ ತಳ ಕಾಣುತ್ತದೆ, ತೋಟಕ್ಕೂ ಮನೆಗೂ ಒಂದೇ ನೀರು. ಆಗ ಬರುವವರು ಎರಡು ಬಕೆಟ್‌ನಲ್ಲಿ ಸ್ನಾನ ಮುಗಿಸುವ ಮನಸ್ಸು ಮಾಡಿ ಬನ್ನಿ.

ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಇಳಿಯುವವರು ಮಂಗನ ಕಾಯಿಲೆ ಬಗ್ಗೆ ತಿಳಿದಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರ ಇದು. ಉಣ್ಣಿ ಕಚ್ಚಿ ಹರಡುತ್ತದೆ. ಹೊರಡುವ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ.

ಹೆಜ್ಜೆ 5: ಹೋಂಸ್ಟೇಗೆ ಫೋನ್ ಮಾಡಿ, ಇವನ್ನು ಕೇಳಿ

ಆ್ಯಪ್‌ನಲ್ಲಿ ಫೋಟೋ ನೋಡಿ ಬುಕ್ ಮಾಡುವ ಮೊದಲು ಐದು ನಿಮಿಷ ಮಾತಾಡಿ. ಮಾತಿನಲ್ಲೇ ಅರ್ಧ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ, ಮನೆಯವರು ಅಲ್ಲೇ ಇರುತ್ತೀರಾ? ಹೌದು ಅಂದರೆ ಅದು ಹೋಂಸ್ಟೇ. ಮಾಲೀಕರು ಬೆಂಗಳೂರಲ್ಲಿದ್ದು ಮ್ಯಾನೇಜರ್ ನೋಡಿಕೊಂಡರೆ ಅದು ಹೆಸರಿಗೆ ಹೋಂಸ್ಟೇ ಆದ ರೆಸಾರ್ಟು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳಿ.

ಎರಡನೆಯದು, ನೀರು ಎಲ್ಲಿಂದ? ಗುಡ್ಡದ ಮೇಲಿನ ಅಬ್ಬಿಯ, ಅಂದರೆ ಸಣ್ಣ ಝರಿಯ ನೀರು ಪೈಪಿನಲ್ಲಿ ತಾನಾಗೇ ಇಳಿದು ಬರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಪಂಪು ಬೇಡ, ಕರೆಂಟು ಬೇಡ. ಆದರೆ ಅದೇ ಅಬ್ಬಿಯಿಂದ ಕೆಳಗಿನ ಮನೆಗಳಿಗೂ ನೀರು ಹೋಗಬೇಕು. ಇಪ್ಪತ್ತು ಜನ ಪ್ರವಾಸಿಗರು ಬೆಳಗ್ಗೆ ಶವರ್ ಬಿಟ್ಟು ನಿಂತರೆ ಕೆಳಮನೆಯ ಹಂಡೆ ಖಾಲಿ. ಗುಡ್ಡದ ತುದಿಯಲ್ಲಿ ಈಜುಕೊಳ ಇರುವ ಜಾಗಕ್ಕೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಮೂರನೆಯದನ್ನು ಕೇಳಲು ಜನ ನಾಚುತ್ತಾರೆ, ನಾಚಬೇಡಿ. ಕಕ್ಕಸಿನ ನೀರು ಎಲ್ಲಿ ಹೋಗುತ್ತದೆ? ಇಂಗುಗುಂಡಿ ಹಳ್ಳದಿಂದ, ಬಾವಿಯಿಂದ ದೂರ ಇರಬೇಕು. ನಮ್ಮ ಹಳ್ಳಗಳೇ ಮುಂದೆ ತುಂಗೆ, ಶರಾವತಿ, ವರದೆ ಆಗುತ್ತವೆ. ಬಚ್ಚಲ ನೀರು ಬಾಳೆ ಬುಡಕ್ಕೋ ಅಡಿಕೆ ತೋಟಕ್ಕೋ ಹೋಗುವ ಮನೆ ಒಳ್ಳೆಯದು. ಅಂಥಲ್ಲಿ ನೀವೂ ಸೋಪು, ಶಾಂಪೂ ಹಿಡಿತದಲ್ಲಿ ಬಳಸಿ.

ನಾಲ್ಕನೆಯದು ಕಸ. ಹಸಿ ಕಸ ಗೊಬ್ಬರದ ಗುಂಡಿಗೆ, ಅದು ಸರಿ. ಪ್ಲಾಸ್ಟಿಕ್ ಏನಾಗುತ್ತದೆ? ಪಂಚಾಯಿತಿ ಗಾಡಿ ಬರುತ್ತದಾ? ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ನೀರು ಕಾಯಿಸುವುದು ನಮ್ಮ ಹಳೆಯ ಪದ್ಧತಿ, ತೋಟದ ತ್ಯಾಜ್ಯಕ್ಕೆ ಅದಕ್ಕಿಂತ ಒಳ್ಳೆ ಬಳಕೆ ಇಲ್ಲ. ಅದೇ ಒಲೆಗೆ ಚಿಪ್ಸ್ ಪ್ಯಾಕೆಟ್ ಬಿದ್ದರೆ ವಿಷದ ಹೊಗೆ. ಪ್ರವಾಸಿಗರು ಬಿಟ್ಟು ಹೋದ ಪ್ಯಾಕೆಟ್ ಹೀಗೆ ಸುಡುವುದು ಎಷ್ಟೋ ಕಡೆ ನಡೆಯುತ್ತದೆ, ಏಕೆಂದರೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಸೋಲಾರ್ ವಾಟರ್ ಹೀಟರ್ ಇದೆ ಅಂತ ಬೋರ್ಡ್ ಹಾಕಿದ್ದನ್ನು ನೋಡಿ ಮರುಳಾಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲೇ ಇರುವುದಿಲ್ಲ, ಆಗ ನೀರು ಕಾಯಿಸುವುದು ಗೀಸರ್. ಸಿಪ್ಪೆ ಒಲೆ, ಗೋಬರ್ ಗ್ಯಾಸ್ ಇರುವ ಮನೆ ಮಳೆಗಾಲಕ್ಕೆ ಅದಕ್ಕಿಂತ ಮೇಲು.

ಕಟ್ಟಡವನ್ನೂ ನೋಡಿ. ಜೆಸಿಬಿ ತಂದು ಗುಡ್ಡದ ಬುಡ ಕತ್ತರಿಸಿ ಕಟ್ಟಿದ ಕಾಟೇಜು ಫೋಟೋದಲ್ಲಿ ಚೆಂದ. ಜೋರು ಮಳೆಗೆ ಆ ಕತ್ತರಿಸಿದ ಗುಡ್ಡವೇ ಕುಸಿಯುತ್ತದೆ. ಹಳೆಯ ಹೆಂಚಿನ ಮನೆಯ ಒಂದು ಕೋಣೆ, ಹೊರಗಿನ ಬಚ್ಚಲು, ಅಂಗಳದಲ್ಲಿ ಒಣಗುವ ಅಡಿಕೆ. ನನಗೆ ಕೇಳಿದರೆ ಅದನ್ನೇ ಆರಿಸಿ. ರೇನ್ ಡ್ಯಾನ್ಸ್, ಡಿಜೆ ಇದೆಯಾ ಅಂತ ಕೇಳಿ, ಇದೆ ಅಂದರೆ ಫೋನ್ ಇಡಿ.

ಊಟಕ್ಕೆ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಕೇಳಿ. ಕಡುಬು, ಅಕ್ಕಿ ರೊಟ್ಟಿ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಳೆಗಾಲದಲ್ಲಿ ಪತ್ರೊಡೆ, ಹಲಸಿನ ಕಾಲದಲ್ಲಿ ಹಲಸು. ಇವೆಲ್ಲ ಹಿತ್ತಲಿಂದ ಬರುತ್ತವೆ. ಪನೀರ್ ಬಟರ್ ಮಸಾಲ ಬೇಕು ಅಂದರೆ ಪನೀರು ಪೇಟೆಯಿಂದ ಬರಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ಅಂತ ಮುಂಚೆ ಹೇಳಿ. ಅನ್ನ ಬಿಸಾಡುವುದು ತಪ್ಪುತ್ತದೆ.

ಹೆಜ್ಜೆ 6: ಚೀಲ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ನೀರಿನ ಬಾಟಲಿ, ಒಂದು ತಟ್ಟೆ ಲೋಟ, ಬಟ್ಟೆ ಚೀಲ, ಒಳ್ಳೆಯ ಛತ್ರಿ. ಬಿಸಾಡುವ ಪ್ಲಾಸ್ಟಿಕ್ ರೇನ್‌ಕೋಟು ತರಬೇಡಿ, ಅವು ಮಳೆಗಾಲ ಪೂರ್ತಿ ಜೋಗದ ಬೇಲಿಗೆ ಸಿಕ್ಕಿಕೊಂಡಿರುತ್ತವೆ. ಉಂಬಳಕ್ಕೆ, ಅಂದರೆ ಜಿಗಣೆಗೆ ಉದ್ದ ಕಾಲುಚೀಲ ಮತ್ತು ಬೇವಿನೆಣ್ಣೆ ಸಾಕು. ಕಸ ತುಂಬಿಕೊಂಡು ಹೋಗಲು ಒಂದು ಖಾಲಿ ಚೀಲ ಇರಲಿ. ಪ್ಯಾಕೆಟ್, ಬ್ಯಾಟರಿ, ಸ್ಯಾನಿಟರಿ ಪ್ಯಾಡ್ ಇವನ್ನು ಹಳ್ಳಿಯಲ್ಲಿ ಬಿಡದೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಒಯ್ಯಿರಿ.

ಹೆಜ್ಜೆ 7: ಕಾಡಿನಲ್ಲಿ, ನೀರಿನಲ್ಲಿ

ಸಿಂಗಳೀಕ ಎಂಬ ಕಪ್ಪು ಕೋತಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕಾಗಿಯೇ ಮೊದಲೇ ಇದ್ದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಮರದ ಮೇಲೇ ಬದುಕುವ ಪ್ರಾಣಿ ಅದು. ಆಗುಂಬೆ ಘಾಟಿಯಲ್ಲಿ ಪ್ರವಾಸಿಗರು ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಕೊಟ್ಟು ರಸ್ತೆಗೆ ಇಳಿಯುವುದು ಕಲಿಸಿದ್ದಾರೆ. ಇಳಿದವು ಗಾಡಿ ಚಕ್ರಕ್ಕೆ ಸಿಗುತ್ತವೆ. ಆದ್ದರಿಂದ ಘಾಟಿಯಲ್ಲಿ ಕಿಟಕಿ ಇಳಿಸಿ ತಿನಿಸು ಕೊಡುವುದು ಪೂರ್ತಿ ಬಿಡಿ. ಮಕ್ಕಳು ಹಟ ಮಾಡಿದರೆ ಕಾರಣ ಹೇಳಿ, ಅವರಿಗೆ ದೊಡ್ಡವರಿಗಿಂತ ಬೇಗ ಅರ್ಥ ಆಗುತ್ತದೆ. ರಾತ್ರಿ ಕಾಡಿನ ರಸ್ತೆಯಲ್ಲಿ ಗಾಡಿ ಓಡಿಸದಂತೆ ಪ್ಲಾನ್ ಮಾಡಿ. ಮಳೆ ಬಿದ್ದ ರಾತ್ರಿ ಕಪ್ಪೆ, ಹಾವು ರಸ್ತೆ ದಾಟುತ್ತಿರುತ್ತವೆ.

ಕಪ್ಪೆ, ಹಾವಿನ ಫೋಟೋಗೆಂದೇ ಆಗುಂಬೆಗೆ ಬರುವವರು ಈಗ ತುಂಬಾ. ಬನ್ನಿ. ಆದರೆ ಗೈಡ್ ಹಸಿರು ಹಾವನ್ನು ಹಿಡಿದು ಚೆಂದದ ಕೊಂಬೆ ಮೇಲೆ ಕೂರಿಸಿ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದು ಇದ್ದಲ್ಲೇ ಫೋಟೋ ತೆಗೆಯಿರಿ.

ಕೊಡಚಾದ್ರಿ 1,343 ಮೀಟರ್. ಜೀಪಿನ ದಾರಿ ಮಳೆಯಲ್ಲಿ ಕೊರೆದು ಕೊರೆದು ಹಳ್ಳವಾಗಿದೆ. ಕಾಲು ಗಟ್ಟಿ ಇರುವವರು ನಡೆಯಿರಿ. ವಯಸ್ಸಾದವರಿದ್ದರೆ ಜೀಪು ಪೂರ್ತಿ ತುಂಬುವವರೆಗೆ ಕಾದು ಹಂಚಿಕೊಳ್ಳಿ, ಆ ಚಾಲಕರ ಜೀವನವೂ ಅದರಿಂದಲೇ ನಡೆಯುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಾ ಅಂತ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ನೋಡಿ. ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಇದ್ದರೆ ಅದು ಬೆಟ್ಟದ ಒಳ್ಳೆಯದಕ್ಕೇ.

ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನು ಅಂತ ಊರವರು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಮಂಡಕ್ಕಿ ಹಾಕಿದ ಮೇಲೆ ಪ್ಲಾಸ್ಟಿಕ್ ಕೊಟ್ಟೆಯನ್ನೂ ನೀರಿಗೆ ಬಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಯಾವ ಹೊಳೆಯಲ್ಲೇ ಇಳಿಯಿರಿ, ಸೋಪು ಹಾಕಬೇಡಿ. ಬಾಟಲಿ ಒಡೆಯಬೇಡಿ. ಆ ನೀರಲ್ಲಿ ದನ ಇಳಿಯುತ್ತವೆ, ಮಕ್ಕಳು ಇಳಿಯುತ್ತಾರೆ.

ಹೆಜ್ಜೆ 8: ದುಡ್ಡು ಯಾರ ಕೈ ಸೇರುತ್ತದೆ

ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಹೆಣ್ಣುಮಕ್ಕಳ ಸಹಕಾರಿ ಸಂಘ ಇದೆ. ಕೈಮಗ್ಗದ ಹತ್ತಿ ಬಟ್ಟೆ, ಸಹಜ ಬಣ್ಣ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ಹಾಕುತ್ತಾರೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಎಲ್ಲಿಂದಲೋ ಬಂದ ಉಡುಗೊರೆ ಕೊಳ್ಳುವ ಬದಲು ಅಲ್ಲೊಂದು ಜುಬ್ಬಾ ಕೊಳ್ಳಿ. ಸಾಗರ, ಸೊರಬದ ಗುಡಿಗಾರರ ಕೆತ್ತನೆ, ಅಡಿಕೆ ಹಾಳೆಯ ತಟ್ಟೆ, ಜೋನಿಬೆಲ್ಲ, ಮುರುಗಲಿನ ಶರಬತ್ತು ಇವೂ ಇವೆ. ಅಪ್ಪೆಮಿಡಿ ಉಪ್ಪಿನಕಾಯಿ ಕೊಳ್ಳುವಾಗ ಮಾತ್ರ ಮಿಡಿ ಎಲ್ಲಿಯದು ಅಂತ ಕೇಳಿ. ಹೊಳೆದಂಡೆಯ ಕಾಡು ಮಾವಿನ ಕೊಂಬೆಯನ್ನೇ ಕಡಿದು ಮಿಡಿ ಇಳಿಸುವವರಿದ್ದಾರೆ. ತೋಟದಲ್ಲಿ ಕಸಿ ಮಾಡಿ ಬೆಳೆಸಿದವರದ್ದು ಕೊಂಡರೆ ಕಾಡಿನ ಮರ ಉಳಿಯುತ್ತದೆ.

ಊರಿನ ಗೈಡ್ ಕರೆದುಕೊಳ್ಳಿ, ಹೇಳಿದ ಕೂಲಿಗೆ ಚೌಕಾಸಿ ಬೇಡ.

ಹೆಜ್ಜೆ 9: ವಾಪಸ್ ಹೋದ ಮೇಲೆ

ರಿವ್ಯೂ ಬರೆಯುವಾಗ ಕೋಣೆಯ ಟಿವಿ, ವೈಫೈ ಬಗ್ಗೆ ಬರೆಯುವಂತೆಯೇ ನೀರು, ಕಸ, ಊಟದ ಬಗ್ಗೆಯೂ ಬರೆಯಿರಿ. ಅಬ್ಬಿ ನೀರು ಮಿತವಾಗಿ ಬಳಸುವ ಮನೆಗೆ ಐದು ಸ್ಟಾರ್ ಸಿಕ್ಕರೆ ಪಕ್ಕದ ಮನೆಯವರೂ ಈಜುಕೊಳದ ಯೋಚನೆ ಬಿಡುತ್ತಾರೆ. ಹೆಸರಿಲ್ಲದ ಹಳ್ಳ, ಸಣ್ಣ ಅಬ್ಬಿಯ ಫೋಟೋ ಹಾಕುವಾಗ ಲೊಕೇಶನ್ ಹಾಕಬೇಡಿ, ತಾಲ್ಲೂಕಿನ ಹೆಸರು ಸಾಕು.

ರೈಲಿನಲ್ಲಿ ಬಂದಿದ್ದರೆ ಇನ್ನೊಂದು ಕೆಲಸ ಮಾಡಿ. ತಾಳಗುಪ್ಪದಲ್ಲಿ ಬೆಳಗ್ಗೆ ರೈಲು ಇಳಿದವರಿಗೆ ಜೋಗದ ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕಿತಾ, ಸಂಜೆ ವಾಪಸ್ ಬರಲು ಅನುಕೂಲ ಇತ್ತಾ ಅಂತ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೂ ಕೆಎಸ್‌ಆರ್‌ಟಿಸಿಗೂ ನಾಲ್ಕು ಸಾಲು ಬರೆದು ಕಳಿಸಿ. ದಿನಾಂಕ, ರೈಲಿನ ನಂಬರ್, ಎಷ್ಟು ಜನ ಇಳಿದರು, ಎಷ್ಟು ಹೊತ್ತು ಕಾದಿರಿ ಅನ್ನೋದನ್ನೂ ಸೇರಿಸಿ. ಇಂಥ ಪತ್ರ ನಾವು ಊರಿನವರೂ ಬರೆಯುತ್ತೇವೆ. ಪ್ರವಾಸಿಗರಿಂದಲೂ ಹೋದರೆ ಬೇಡಿಕೆಗೆ ತೂಕ ಬರುತ್ತದೆ.